ನಮ್ಮ ಲೆಕ್ಕ ಯಾರ ಮನೆಯಲ್ಲಿರಬೇಕು? ಕ್ಲೌಡ್‌ನ ಹಿಂದಿನ ಕಥೆ

ಕಳೆದ ಮಳೆಗಾಲದಲ್ಲಿ ಬೆಳೆಸಾಲದ ಸುದ್ದಿಗೆಂದು ಗದಗ ಜಿಲ್ಲೆಯ ಒಂದು ಹಳ್ಳಿಯ ಸಹಕಾರ ಸಂಘಕ್ಕೆ ಹೋಗಿದ್ದೆವು. ಕಾರ್ಯದರ್ಶಿ ಕಂಪ್ಯೂಟರ್ ಮುಂದೆ ಕೂತಿದ್ದರು. ನೆಟ್ ಹೋಗಿತ್ತು, ಪರದೆಯ ಮೇಲೆ ಚಕ್ರ ಸುಮ್ಮನೆ ತಿರುಗುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಆರೇಳು ಜನ ಕಾಯುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು ಒಳಗೆ ಇಣುಕಿ ಕೇಳಿದರು:

"ಅಲ್ರೀ, ನನ್ನ ಸಾಲದ ಲೆಕ್ಕ ಈ ಡಬ್ಬಿಯೊಳಗ ಐತೋ ಇಲ್ಲೋ?"

"ಇಲ್ರಿ ಅಜ್ಜಾರ, ಅದು ಕ್ಲೌಡ್‌ನಾಗ ಐತ್ರಿ."

"ಕ್ಲೌಡ್ ಅಂದ್ರ?"

"ಮೋಡ ರೀ."

ಅಜ್ಜ ಆಕಾಶ ನೋಡಿದರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ಅಜ್ಜ ಕೇಳಿದ್ದು ನಗುವ ಮಾತಲ್ಲ ಎಂದು ಬಸ್ಸಿನಲ್ಲಿ ವಾಪಸ್ ಬರುವಾಗ ಅನ್ನಿಸಿತು.

ಅದೇ ದಿನ ಚಹಾ ಕುಡಿಯುವಾಗ ಕಾರ್ಯದರ್ಶಿಗಳು ಇನ್ನೊಂದು ಮಾತು ಹೇಳಿದರು. ಅವರ ಅಳಿಯನದು ರಸಗೊಬ್ಬರ, ಬೀಜ, ಕೀಟನಾಶಕದ ಅಂಗಡಿ. ಬಿಲ್ಲು, ಸ್ಟಾಕು, ಉದ್ರಿ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಸಬೇಕೆಂದು ಮೂವರನ್ನು ಕರೆಸಿ ಕೇಳಿದ್ದನಂತೆ. ಒಬ್ಬ ಹೇಳಿದ, ಅಂಗಡಿಯಲ್ಲೇ ಒಂದು ಸರ್ವರ್ ಕೂರಿಸಿ. ಇನ್ನೊಬ್ಬ, ಏನೂ ಬೇಡ, ತಿಂಗಳ ಬಾಡಿಗೆ ಕಟ್ಟಿ, ಎಲ್ಲ ಕ್ಲೌಡ್‌ನಲ್ಲಿ ಇರುತ್ತದೆ. ಮೂರನೆಯವನು, ಅರ್ಧ ಇಲ್ಲಿ, ಅರ್ಧ ಅಲ್ಲಿ. "ಯಾವುದು ಆರಿಸಬೇಕು ಅಂತ ನೀವರ ಹೇಳ್ರಿ, ಓದಿದವರು" ಎಂದರು. ನಾವು ಓದಿದ್ದು ಪತ್ರಿಕೋದ್ಯಮದ ಡಿಪ್ಲೊಮಾ, ಕಂಪ್ಯೂಟರ್ ಅಲ್ಲ. ಆದರೂ ನಮಗಿಂತ ಮೊದಲು ಈ ಪ್ರಶ್ನೆ ಎದುರಿಸಿದವರು ಏನು ಮಾಡಿದರು ಎಂದು ಹುಡುಕುವುದು ನಮ್ಮ ಕೆಲಸವೇ. ಹುಡುಕಿದೆವು. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ಜಿಲ್ಲೆಯದೇ ಒಂದು ಮಾತು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಹಿಂದಿನ ವರ್ಷವಷ್ಟೇ, 1904ರಲ್ಲಿ, ಬ್ರಿಟಿಷ್ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದಿತ್ತು. ದೇಶದ ಸಹಕಾರ ಚಳವಳಿಯ ಕಥೆ ಬರೆಯುವ ಹಲವರು ಕಣಗಿನಹಾಳದಿಂದ ಶುರು ಮಾಡುತ್ತಾರೆ. ಸಂಘಕ್ಕೂ ಸಾಹುಕಾರನಿಗೂ ಬಡ್ಡಿಯಲ್ಲಿ ವ್ಯತ್ಯಾಸವಿತ್ತು, ನಿಜ. ಅಷ್ಟೇ ದೊಡ್ಡ ವ್ಯತ್ಯಾಸ ಪುಸ್ತಕದಲ್ಲಿತ್ತು. ಸಾಹುಕಾರನ ಲೆಕ್ಕ ಸಾಹುಕಾರನ ಮನೆಯಲ್ಲಿ, ಅವನು ಬರೆದದ್ದೇ ಸತ್ಯ. ಸಂಘದ ಲೆಕ್ಕ ಊರಿನ ಲೆಕ್ಕ, ಸದಸ್ಯ ಕೇಳಿದರೆ ತೆಗೆದು ತೋರಿಸಬೇಕು. ಲೆಕ್ಕ ಯಾರ ಮನೆಯಲ್ಲಿದೆ ಎಂಬ ಪ್ರಶ್ನೆ ನಮ್ಮ ಕಡೆ ಹೊಸದಲ್ಲ.

ಕಂಪ್ಯೂಟರಿನ ಲೋಕದಲ್ಲೂ ಇದು ಹೊಸದಲ್ಲ. ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರವಾಗಿದ್ದ ಕಾಲದಲ್ಲಿ ಅದನ್ನು ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲ. 1961ರಲ್ಲಿ ಅಮೆರಿಕದ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ ಒಂದು ಭಾಷಣದಲ್ಲಿ, ಮುಂದೊಂದು ದಿನ ಕಂಪ್ಯೂಟರಿನ ಶಕ್ತಿ ಟೆಲಿಫೋನಿನ ಹಾಗೆ ಸಾರ್ವಜನಿಕ ಸೌಲಭ್ಯವಾಗಬಹುದು ಎಂಬ ಮಾತು ಹೇಳಿದರು. ಕರೆಂಟಿನಂತೆ ತಂತಿಯಲ್ಲಿ ಬರಬೇಕು, ಬಳಸಿದಷ್ಟಕ್ಕೆ ಬಿಲ್ಲು. ಆಗ ಅದು ಕನಸು. ಬಾಡಿಗೆ ಮಾತ್ರ ಆಗಲೇ ಇತ್ತು.

ನಮ್ಮ ದೇಶದಲ್ಲಿ ಆ ಬಾಡಿಗೆಯ ರುಚಿ ಮೊದಲು ತೋರಿಸಿದ್ದು ಐಬಿಎಂ. 1960 ಮತ್ತು 70ರ ದಶಕದಲ್ಲಿ 1401 ಎಂಬ ಮಾದರಿಯ ಹಳೆಯ ಯಂತ್ರಗಳನ್ನು ದುರಸ್ತಿ ಮಾಡಿ ಇಲ್ಲಿನ ಕಚೇರಿಗಳಿಗೆ ಬಾಡಿಗೆಗೆ ಕೊಡುತ್ತಿತ್ತು. ವಿದೇಶಿ ಬಂಡವಾಳದ ಕಾನೂನು ಬಿಗಿಯಾದಾಗ, 1978ರಲ್ಲಿ, ಆ ಕಂಪನಿ ಭಾರತ ಬಿಟ್ಟು ಹೋಯಿತು. ಉಳಿದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸರ್ಕಾರದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಪಾಲಿಗೆ ಬಂತು. ಬಾಡಿಗೆಗೆ ಕೊಟ್ಟವನೇ ಊರು ಬಿಟ್ಟರೆ ಏನು ಗತಿ ಎಂಬುದನ್ನು ನಮ್ಮ ದೇಶ ಕ್ಲೌಡ್ ಎಂಬ ಹೆಸರು ಬರುವ ಮೊದಲೇ ನೋಡಿತ್ತು.

ಇಂದಿನ ಕ್ಲೌಡ್ ಶುರುವಾದದ್ದು 2006ರಲ್ಲಿ. ಆನ್‌ಲೈನ್‌ನಲ್ಲಿ ಪುಸ್ತಕ ಮಾರುತ್ತ ಬೆಳೆದ ಅಮೆಜಾನ್, ಆ ವರ್ಷದ ಮಾರ್ಚ್‌ನಲ್ಲಿ ತನ್ನ ಕಂಪ್ಯೂಟರುಗಳಲ್ಲಿ ಯಾರು ಬೇಕಾದರೂ ಕಡತ ಇಡಬಹುದು ಎಂದಿತು. ಒಂದು ಜಿಬಿಗೆ ತಿಂಗಳಿಗೆ 15 ಸೆಂಟ್. ಆಗಸ್ಟ್‌ನಲ್ಲಿ ಕಂಪ್ಯೂಟರನ್ನೇ ಗಂಟೆ ಲೆಕ್ಕದಲ್ಲಿ ಕೊಡತೊಡಗಿತು, ಗಂಟೆಗೆ 10 ಸೆಂಟ್. ಆಶ್ಚರ್ಯವೆಂದರೆ ಈ ಎರಡನೆಯದನ್ನು ಕಟ್ಟಿದ ತಂಡ ಕೂತಿದ್ದು ಅಮೆರಿಕದಲ್ಲಲ್ಲ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ. ಆಮೇಲೆ ಗೂಗಲ್ ಬಂತು, ಮೈಕ್ರೋಸಾಫ್ಟ್ ಬಂತು. 2016ರಲ್ಲಿ ಅಮೆಜಾನ್ ಮುಂಬೈಯಲ್ಲೇ ತನ್ನ ಕೇಂದ್ರ ತೆರೆಯಿತು. ಮೋಡ ಎಂಬ ಹೆಸರಿಗೆ ದೊಡ್ಡ ಅರ್ಥವೇನಿಲ್ಲ. ನಕ್ಷೆ ಬರೆಯುವ ಎಂಜಿನಿಯರುಗಳು ಹೊರಗಿನ ಜಾಲವನ್ನು ಒಂದು ಮೋಡದ ಚಿತ್ರ ಬರೆದು ತೋರಿಸುತ್ತಿದ್ದರು, ಒಳಗೆ ಏನಿದೆ ಎಂದು ನಮಗೆ ಬೇಕಿಲ್ಲ ಎಂಬ ಅರ್ಥದಲ್ಲಿ. ಮೋಡದೊಳಗೆ ಇರುವುದು ಬೇರೆಯವರ ಕಟ್ಟಡದಲ್ಲಿನ ಬೇರೆಯವರ ಕಂಪ್ಯೂಟರ್.

ಇದರ ಬಗೆಗಳನ್ನು ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 2011ರಲ್ಲಿ ಪಟ್ಟಿ ಮಾಡಿತು. ಈಗಲೂ ಎಲ್ಲರೂ ಅದನ್ನೇ ಹೇಳುತ್ತಾರೆ: ಪಬ್ಲಿಕ್, ಪ್ರೈವೇಟ್, ಕಮ್ಯುನಿಟಿ, ಹೈಬ್ರಿಡ್. ಇಂಗ್ಲಿಷ್ ಹೆಸರಿಗೆ ಹೆದರಬೇಡಿ. ನಮ್ಮ ಊರಲ್ಲಿ ಟ್ರ್ಯಾಕ್ಟರ್ ವಿಷಯದಲ್ಲಿ ಈ ನಾಲ್ಕೂ ಇವೆ. ಯಂತ್ರಧಾರೆ ಕೇಂದ್ರದಿಂದ ಗಂಟೆ ಲೆಕ್ಕದಲ್ಲಿ ತರುವುದು ಪಬ್ಲಿಕ್. ಇಂದು ನಿಮ್ಮ ಹೊಲ, ನಾಳೆ ಬೇರೆಯವರ ಹೊಲ, ಯಂತ್ರ ಒಂದೇ. ನಿಮ್ಮ ಮನೆಯದೇ ಟ್ರ್ಯಾಕ್ಟರ್ ಇದ್ದರೆ ಪ್ರೈವೇಟ್. ಕಂತೂ ನಿಮ್ಮದು, ರಿಪೇರಿಯೂ ನಿಮ್ಮದು, ಬೇಕೆಂದಾಗ ಚಾವಿ ನಿಮ್ಮ ಕೈಯಲ್ಲಿ. ಹತ್ತು ರೈತರು ಕೂಡಿ ಗುಂಪಿಗೊಂದು ತಂದರೆ ಕಮ್ಯುನಿಟಿ. ಎಡೆ ಹೊಡೆಯಲು ಮನೆಯ ಎತ್ತು, ಕೊಯ್ಲಿಗೆ ಬಾಡಿಗೆಯ ಯಂತ್ರ ಎನ್ನುವುದು ಹೈಬ್ರಿಡ್.

ಇನ್ನೊಂದು ವಿಂಗಡಣೆಯೂ ಇದೆ. ಬರೀ ಟ್ರ್ಯಾಕ್ಟರ್ ತಂದು ನೀವೇ ಓಡಿಸುವುದು ಒಂದು ಬಗೆ. "ಎಕರೆಗೆ ಇಷ್ಟು, ಉಳುಮೆ ಮುಗಿಸಿ ಹೋಗ್ತೀನಿ" ಎಂದು ಡ್ರೈವರನ ಸಮೇತ ಒಪ್ಪಿಸಿಬಿಡುವುದು ಇನ್ನೊಂದು. ತಿಂಗಳ ಬಾಡಿಗೆಗೆ ಸಿಗುವ ಬಿಲ್ಲಿನ ಸಾಫ್ಟ್‌ವೇರ್ ಈ ಎರಡನೆಯದು. ಅಲ್ಲಿ ಯಂತ್ರ ಯಾವುದು, ಎಲ್ಲಿದೆ ಎಂದು ನೀವು ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ನು ದೊಡ್ಡವರು ಹೇಗೆ ಆರಿಸಿದರು ಎಂದು ನೋಡೋಣ.

2008ರ ಆಗಸ್ಟ್. ಸಿನಿಮಾದ ಡಿವಿಡಿಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಕಂಪನಿಯ ಸ್ವಂತ ಕಂಪ್ಯೂಟರಿನಲ್ಲಿ ದತ್ತಾಂಶ ಕೆಟ್ಟುಹೋಯಿತು. ಮೂರು ದಿನ ಒಂದು ಡಿವಿಡಿಯೂ ಹೊರಗೆ ಹೋಗಲಿಲ್ಲ. ಅಲ್ಲಿಂದ ಅವರು ಎಲ್ಲವನ್ನೂ ಅಮೆಜಾನ್‌ನ ಬಾಡಿಗೆ ಯಂತ್ರಗಳಿಗೆ ಸಾಗಿಸಲು ಹೊರಟರು. ಮುಗಿದದ್ದು 2016ರ ಜನವರಿಯಲ್ಲಿ. ಏಳು ವರ್ಷ! ಮನೆ ಬದಲಾಯಿಸುವುದು ಸುಲಭ ಎಂದು ಮಾರಾಟಗಾರ ಹೇಳಿದಾಗ ಈ ಏಳು ವರ್ಷ ನೆನಪಿರಲಿ. ಅಮೆಜಾನ್ ಕೂಡ ಸಿನಿಮಾ ತೋರಿಸುವ ವ್ಯಾಪಾರದಲ್ಲೇ ಇದೆ, ಅಂದರೆ ಎದುರಾಳಿಯ ಮನೆಯಲ್ಲೇ ಬಾಡಿಗೆಗೆ ಹೋದಂತೆ. ಆದರೂ ಹೋದರು, ಏಕೆಂದರೆ ಅವರ ಹೊರೆ ದಿನದಿಂದ ದಿನಕ್ಕೆ ಏರುತ್ತಿತ್ತು, ಅಷ್ಟು ಬೇಗ ಸ್ವಂತ ಕಟ್ಟಡ ಕಟ್ಟಲಾಗುತ್ತಿರಲಿಲ್ಲ. ಒಂದನ್ನು ಮಾತ್ರ ಅವರು ಬಾಡಿಗೆಗೆ ಬಿಡಲಿಲ್ಲ. ಸಿನಿಮಾವನ್ನು ಮನೆಮನೆಗೆ ಮುಟ್ಟಿಸುವ ಪೆಟ್ಟಿಗೆಗಳು ಅವರ ಸ್ವಂತದವು. ಇಂಟರ್ನೆಟ್ ಕಂಪನಿಗಳ ಕಟ್ಟಡದಲ್ಲಿ ಅವನ್ನು ಇಟ್ಟಿದ್ದಾರೆ.

ಡ್ರಾಪ್‌ಬಾಕ್ಸ್ ಇದಕ್ಕೆ ಉಲ್ಟಾ ನಡೆಯಿತು. ಜನರ ಫೋಟೊ, ಕಡತ ಇಟ್ಟುಕೊಳ್ಳುವುದೇ ಅದರ ವ್ಯಾಪಾರ. ಶುರುವಿನಲ್ಲಿ ಆ ಕಡತಗಳೆಲ್ಲ ಅಮೆಜಾನ್‌ನಲ್ಲಿದ್ದವು. ಗಿರಾಕಿಗಳು ಕೋಟಿಗಟ್ಟಲೆ ಆದಾಗ ಲೆಕ್ಕ ಹಾಕಿದರು. ನಮ್ಮ ಹೊರೆ ದಿನವೂ ಇರುವ ಹೊರೆ, ಹಗಲಿಗೊಂದು ರಾತ್ರಿಗೊಂದು ಆಗುವುದಲ್ಲ, ಹಾಗಿದ್ದ ಮೇಲೆ ಬಾಡಿಗೆ ಏಕೆ? ಸ್ವಂತ ವ್ಯವಸ್ಥೆ ಕಟ್ಟಿ, 2015ರ ಹೊತ್ತಿಗೆ ಶೇಕಡಾ 90ರಷ್ಟು ಕಡತಗಳನ್ನು ಅಲ್ಲಿಗೆ ತಂದರು. ಎರಡು ವರ್ಷದಲ್ಲಿ ಏಳೂವರೆ ಕೋಟಿ ಡಾಲರ್ ಹತ್ತಿರ ಉಳಿಯಿತೆಂದು 2018ರಲ್ಲಿ ಷೇರು ಬಿಡುವಾಗ ಅವರೇ ಬರೆದುಕೊಟ್ಟರು.

ಮೂರನೆಯ ಕಥೆ ನಮಗೆ ಹೆಚ್ಚು ಇಷ್ಟ, ಏಕೆಂದರೆ ಅದರಲ್ಲಿ ಹೊಲವಿದೆ. 2009ರಲ್ಲಿ ಝಿಂಗಾ ಎಂಬ ಕಂಪನಿ ಫೇಸ್‌ಬುಕ್‌ನಲ್ಲಿ ಫಾರ್ಮ್‌ವಿಲ್ ಎಂಬ ಆಟ ಬಿಟ್ಟಿತು. ಪರದೆಯ ಮೇಲೆ ಬಿತ್ತುವುದು, ಕೊಯ್ಯುವುದು. ಸುಡುವ ಬಿಸಿಲೂ ಇಲ್ಲ, ದಲ್ಲಾಳಿಯೂ ಇಲ್ಲ. ನಾಲ್ಕೇ ದಿನದಲ್ಲಿ ದಿನಕ್ಕೆ 10 ಲಕ್ಷ ಜನ ಆಡತೊಡಗಿದರು, ಎರಡು ತಿಂಗಳಲ್ಲಿ ಒಂದು ಕೋಟಿ. ಬಾಡಿಗೆ ಯಂತ್ರ ಇಲ್ಲದಿದ್ದರೆ ಆ ಹೊರೆ ತಡೆಯಲು ಆಗುತ್ತಿರಲಿಲ್ಲ. ಆಮೇಲೆ ಅವರು ಒಂದು ಲೆಕ್ಕ ಹಾಕಿದರು: ದಿನವೂ ಇರುವ ಹೊರೆಗೆ ಸ್ವಂತ ಯಂತ್ರ, ದಿಢೀರ್ ಏರುವ ಹೊರೆಗೆ ಮಾತ್ರ ಬಾಡಿಗೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ. 10 ಕೋಟಿ ಡಾಲರ್ ಮಟ್ಟದ ಹಣ ಸುರಿದು ಸ್ವಂತ ಕೇಂದ್ರ ಮಾಡಿಕೊಂಡರು. ಅಷ್ಟರಲ್ಲಿ ಜನ ಆಟ ಬಿಟ್ಟು ಬೇರೆ ಆಟಕ್ಕೆ ಹೋದರು. ಯಂತ್ರಗಳು ಖಾಲಿ ಕೂತವು. 2015ರಲ್ಲಿ ಅವನ್ನು ಮುಚ್ಚಿ ಮತ್ತೆ ಅಮೆಜಾನ್‌ಗೇ ಬಾಡಿಗೆಗೆ ಬಂದರು. ಒಂದು ವರ್ಷ ಈರುಳ್ಳಿಗೆ ರೇಟು ಬಂತೆಂದು ಸಾಲ ಮಾಡಿ ಗೋದಾಮು ಕಟ್ಟಿದವರ ಮುಖ ನಮಗೆ ನೆನಪಾಯಿತು.

ಮೂವರಲ್ಲಿ ಯಾರೂ ದಡ್ಡರಲ್ಲ. ಹೊರೆ ಏರುತ್ತಿದ್ದಾಗ ಬಾಡಿಗೆ ಹಿಡಿದವರೂ ಸರಿ, ಸ್ಥಿರವಾದಾಗ ಸ್ವಂತದ್ದು ಮಾಡಿಕೊಂಡವರೂ ಸರಿ. ನಾಳಿನ ಹೊರೆ ನಿನ್ನೆಯಷ್ಟೇ ಇರುತ್ತದೆ ಎಂದು ನಂಬಿದವರು ಕೆಟ್ಟರು.

ಇದುವರೆಗೆ ಹೇಳಿದ್ದು ದುಡ್ಡಿನ ಕಥೆ. ಕಟ್ಟೆಯ ಮೇಲಿನ ಅಜ್ಜ ಕೇಳಿದ್ದು ದುಡ್ಡಿನ ಪ್ರಶ್ನೆಯಲ್ಲ. ಲೆಕ್ಕ ಇದೆಯೋ ಇಲ್ಲವೋ ಎಂದು ಅವರು ಕೇಳಿದ್ದು.

2013ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಿರ್ವಾನಿಕ್ಸ್ ಎಂಬ ಕ್ಲೌಡ್ ಕಂಪನಿ, ನಾವು ಬಾಗಿಲು ಹಾಕುತ್ತಿದ್ದೇವೆ, ಎರಡು ವಾರದೊಳಗೆ ನಿಮ್ಮ ನಿಮ್ಮ ಕಡತ ತೆಗೆದುಕೊಂಡು ಹೋಗಿ ಎಂದು ಗಿರಾಕಿಗಳಿಗೆ ಹೇಳಿತು. ಮರುವರ್ಷ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಸಣ್ಣ ಕಂಪನಿಯ ಗತಿ ಇನ್ನೂ ಕೆಟ್ಟದಾಯಿತು. ಅದರ ವ್ಯಾಪಾರವೆಲ್ಲ ಅಮೆಜಾನ್‌ನ ಒಂದು ಖಾತೆಯಲ್ಲಿತ್ತು. ಬ್ಯಾಕಪ್, ಎಂದರೆ ಕಾಪಿಟ್ಟ ಪ್ರತಿ, ಅದೂ ಹೆಚ್ಚುಕಡಿಮೆ ಅದೇ ಖಾತೆಯಲ್ಲಿ. ಯಾವನೋ ಆ ಖಾತೆಯ ಒಳಗೆ ನುಗ್ಗಿ ಬಂದ, ದುಡ್ಡು ಕೇಳಿದ. ಇವರು ಖಾತೆ ವಾಪಸ್ ಪಡೆಯಲು ನೋಡಿದಾಗ ಒಂದೊಂದಾಗಿ ಅಳಿಸತೊಡಗಿದ. ಹನ್ನೆರಡು ಗಂಟೆಯಲ್ಲಿ ಕಂಪನಿ ಮುಗಿಯಿತು, ಮತ್ತೆ ಏಳಲಿಲ್ಲ. ಇಲ್ಲಿ ಅಮೆಜಾನ್‌ನ ಯಂತ್ರ ಕೆಟ್ಟಿರಲಿಲ್ಲ. ತಿಜೋರಿಯೂ ಅದರ ಜೋಡಿ ಚಾವಿಯೂ ಒಂದೇ ಕೋಣೆಯಲ್ಲಿದ್ದದ್ದು ತಪ್ಪು.

2021ರ ಮಾರ್ಚ್ 10ರ ರಾತ್ರಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಎಂಬ ಕಂಪನಿಯ ಕಂಪ್ಯೂಟರ್ ಕಟ್ಟಡಕ್ಕೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟಿತು. ಜನರಿಗೆ ಏನೂ ಆಗಲಿಲ್ಲ, ಆದರೆ ಲಕ್ಷಗಟ್ಟಲೆ ವೆಬ್‌ಸೈಟುಗಳು ನಿಂತವು. ಬೇರೆ ಊರಲ್ಲಿ ಪ್ರತಿ ಇಟ್ಟಿದ್ದವರು ಕೆಲವು ದಿನದಲ್ಲಿ ಎದ್ದು ನಿಂತರು. ಪ್ರತಿಯೂ ಅಲ್ಲೇ ಇದ್ದವರ ಲೆಕ್ಕ ಬೂದಿಯಾಯಿತು. ಕ್ಲೌಡ್‌ಗೆ ಹಾಕಿದ್ದೇವೆ, ಇನ್ನೇನು ಚಿಂತೆ ಎಂದುಕೊಂಡಿದ್ದವರು ಅವರಲ್ಲಿ ಎಷ್ಟೋ ಜನ.

ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದ ಒಂದು ಪಿಂಚಣಿ ನಿಧಿಯ ಕಥೆ. ಯುನಿಸೂಪರ್ ಅದರ ಹೆಸರು, ಸದಸ್ಯರು ಆರು ಲಕ್ಷಕ್ಕೂ ಹೆಚ್ಚು. ತನಗೇ ಮೀಸಲಾದ ಪ್ರೈವೇಟ್ ಕ್ಲೌಡನ್ನು ಗೂಗಲ್‌ನಿಂದ ಪಡೆದಿತ್ತು. ಎರಡು ಬೇರೆ ಬೇರೆ ಜಾಗದಲ್ಲಿ ಜೋಡಿ ಪ್ರತಿಯೂ ಇತ್ತು. 2024ರ ಮೇ ತಿಂಗಳಲ್ಲಿ ಎರಡೂ ಕಡೆ ಒಟ್ಟಿಗೆ ಅಳಿಸಿಹೋಯಿತು. ಕಾರಣ ಕೇಳಿದರೆ ನಂಬಲಾರಿರಿ. ವ್ಯವಸ್ಥೆ ಮಾಡಿಕೊಡುವಾಗ ಗೂಗಲ್‌ನವರು ಒಂದು ಕಡೆ ತುಂಬಬೇಕಾದ ಮಾಹಿತಿಯನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟಿದ್ದಕ್ಕೆ ಯಂತ್ರ ತಾನಾಗಿಯೇ ಒಂದು ವರ್ಷದ ಅವಧಿ ಹಾಕಿಕೊಂಡಿತ್ತು. ವರ್ಷ ಮುಗಿಯಿತು, ಅಳಿಸಿತು. ಆದರೆ ಆ ನಿಧಿಯವರು ಬೇರೊಂದು ಕಂಪನಿಯ ಬಳಿಯೂ ಪ್ರತಿ ಇಟ್ಟಿದ್ದರು. ಗೂಗಲ್‌ನದೇ ಬೇರೆ ಸಂಗ್ರಹದಲ್ಲಿದ್ದ ಬ್ಯಾಕಪ್ಪೂ ಉಳಿದಿತ್ತು. ಎರಡು ವಾರದಷ್ಟು ಪರದಾಡಿ ಎಲ್ಲ ಮರಳಿ ಕಟ್ಟಿದರು. ಯಾರ ಪಿಂಚಣಿಯೂ ಹೋಗಲಿಲ್ಲ.

ಕೇಪ್‌ಟೌನ್, ಸ್ಟ್ರಾಸ್‌ಬರ್ಗ್ ಎಲ್ಲ ದೂರದ ಊರು ಎನ್ನುವವರಿಗೆ ಹತ್ತಿರದ್ದೊಂದು. 2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳಿಗೆ ಹಣ ಕಳಿಸುವುದು ನಿಂತಿತು. ಬಹುಪಾಲು ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು. ಇವೆಲ್ಲ ಸಿ-ಎಡ್ಜ್ ಎಂಬ ಒಂದೇ ಕಂಪನಿಯ ತಂತ್ರಜ್ಞಾನ ಬಳಸುತ್ತಿದ್ದವು. ಅಲ್ಲಿಗೆ ಸುಲಿಗೆ ವೈರಸ್ ನುಗ್ಗಿದ ಅನುಮಾನ ಬಂದಾಗ, ರೋಗ ಹರಡದಂತೆ ಪಾವತಿ ನಿಗಮವು ಆ ಕಂಪನಿಯ ಸಂಪರ್ಕವನ್ನೇ ಕತ್ತರಿಸಿತು. ಮರುದಿನ ಸರಿಯಾಯಿತು. ಸಣ್ಣ ಬ್ಯಾಂಕೊಂದು ತಾನೊಬ್ಬನೇ ಅಂಥ ವ್ಯವಸ್ಥೆ ಕಟ್ಟಲಾರದು, ಕೂಡಿ ಮಾಡಿದರೆ ಅಗ್ಗ. ಆದರೆ ಒಂದೇ ಬಾವಿಯ ನೀರು ಕೆಟ್ಟರೆ ಊರೆಲ್ಲ ಬಾಯಾರಬೇಕು.

ನಮ್ಮ ಹಳ್ಳಿಯ ಸಂಘಗಳು ಈಗ ಕೂಡುತ್ತಿರುವುದು ಇಂಥ ಬಾವಿಗೇ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕ್ಲೌಡ್‌ನಲ್ಲಿ ಎಲ್ಲಕ್ಕೂ ಒಂದೇ ಸಾಫ್ಟ್‌ವೇರ್, ಸಂಘದಿಂದ ಡಿಸಿಸಿ ಬ್ಯಾಂಕ್, ಅಪೆಕ್ಸ್ ಬ್ಯಾಂಕ್, ನಬಾರ್ಡ್‌ವರೆಗೆ ಒಂದೇ ಸರಪಳಿ. ನಾಲ್ಕು ಬಗೆಯಲ್ಲಿ ಇದು ಕಮ್ಯುನಿಟಿಗೆ ಹತ್ತಿರ, ಹತ್ತು ರೈತರ ಟ್ರ್ಯಾಕ್ಟರ್ ಇದ್ದಂತೆ. ಇದು ತಪ್ಪು ಆಯ್ಕೆ ಎಂದು ನಾವು ಹೇಳುವುದಿಲ್ಲ. ಒಂದು ಸಂಘ ತನ್ನಷ್ಟಕ್ಕೆ ಸರ್ವರ್ ಇಟ್ಟುಕೊಂಡು ಇಲಿ, ಧೂಳು, ಕರೆಂಟಿನ ಏರಿಳಿತದಿಂದ ಕಾಯುವುದು ಕನಸಿನ ಮಾತು. ಪುಸ್ತಕದಲ್ಲಿ ಇಲ್ಲದ ಸಾಲ ಬರೆದ, ಇದ್ದ ಜಮೆ ಅಳಿಸಿದ ಪ್ರಕರಣಗಳ ಸುದ್ದಿಯನ್ನು ನಾವೇ ಎಷ್ಟೋ ಸಲ ಬರೆದಿದ್ದೇವೆ. ಮೇಲಿನಿಂದ ಒಂದು ಕಣ್ಣಿದ್ದರೆ ಅದು ಕಷ್ಟವಾಗುತ್ತದೆ.

ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋದಾಗಲೂ ಹೀಗೇ ಅನುಮಾನವಿತ್ತು. 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿ ತಾಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು, ಕೈಬರಹದ ಪಹಣಿ ನಿಂತಿತು. ಇಂದು ಫೋನಿನಲ್ಲೇ ನೋಡುತ್ತೇವೆ. ತಪ್ಪುಗಳು ಇನ್ನೂ ಇವೆ, ತಿದ್ದುಪಡಿಗೆ ಅಲೆದಾಟವೂ ಇದೆ. ಆದರೂ ಹಳೆಯ ದಿನಕ್ಕೆ ಹೋಗೋಣ ಎಂದವರನ್ನು ನಾವು ಕಂಡಿಲ್ಲ. ಪಹಣಿಯಲ್ಲಿ ಒಂದು ಒಳ್ಳೆಯದೆಂದರೆ, ಯಾರು ಬೇಕಾದರೂ ಪ್ರತಿ ತೆಗೆದು ಮನೆಯಲ್ಲಿ ಇಡಬಹುದು. ಸಂಘದ ಸದಸ್ಯನಿಗೂ ತನ್ನ ಖಾತೆಯ ಪ್ರತಿ ಅಷ್ಟೇ ಸುಲಭವಾಗಿ ಸಿಗಬೇಕು.

ಗೊಬ್ಬರದ ಅಂಗಡಿಯ ಅಳಿಯನಿಗೆ ಹೇಳಿದ್ದು ಇಷ್ಟೇ. ಮುಂಗಾರು ಶುರುವಾದಾಗ ಸರತಿ ಸಾಲು ಇರುತ್ತದೆ, ನಿಜ, ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಹೊರೆಯೇ ಅಲ್ಲ. ಅದಕ್ಕೆಂದು ಸರ್ವರ್ ಕೊಳ್ಳುವುದು ಒಂದೆಕರೆಗೆ ಟ್ರ್ಯಾಕ್ಟರ್ ಕೊಂಡಂತೆ. ತಿಂಗಳ ಬಾಡಿಗೆಯದೇ ಸಾಕು. ಆದರೆ ಸಹಿ ಹಾಕುವ ಮೊದಲು ಕೇಳಿ: ನೆಟ್ ಇಲ್ಲದಾಗ ಬಿಲ್ಲು ಬರುತ್ತದೆಯೇ? ಸಬ್ಸಿಡಿ ಗೊಬ್ಬರಕ್ಕೆ ಬೆರಳು ಒತ್ತುವ ಪಿಒಎಸ್ ಯಂತ್ರ ನೆಟ್ ಇಲ್ಲದೆ ನಿಂತಾಗ ಏನಾಗುತ್ತದೆ ಎಂದು ಆ ಹುಡುಗನಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಾಡಿಗೆ ನಿಲ್ಲಿಸಿದರೆ ಹಳೆಯ ಉದ್ರಿ ಲೆಕ್ಕ ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಕೈಗೆ ಕೊಡುತ್ತೀರಿ? ಪಾಸ್‌ವರ್ಡ್ ಯಾರ ಫೋನ್ ನಂಬರಿಗೆ ಜೋಡಿಸಿದೆ, ಮಾಲೀಕನದೋ, ಸಾಫ್ಟ್‌ವೇರ್ ಹಾಕಿಕೊಟ್ಟವನದೋ?

ಕೊನೆಯ ಪ್ರಶ್ನೆಗೆ ಆ ಮಾರಾಟದ ಹುಡುಗ, "ಸದ್ಯಕ್ಕ ನನ್ನ ನಂಬರ್ ಇರ್ಲಿ, ಆಮ್ಯಾಲ ಬದಲಿ ಮಾಡೋಣ" ಅಂದನಂತೆ. ಅಳಿಯ ಅಲ್ಲೇ ಬದಲು ಮಾಡಿಸಿದ್ದಾನೆ. ಪ್ರತಿ ಶನಿವಾರ ಅಂಗಡಿ ಮುಚ್ಚುವಾಗ ವಾರದ ಲೆಕ್ಕವನ್ನು ಒಂದು ಹಾರ್ಡ್‌ಡಿಸ್ಕಿಗೆ ಇಳಿಸುತ್ತಾನೆ. ಅದನ್ನು ಅಂಗಡಿಯಲ್ಲಿ ಇಡುವುದಿಲ್ಲ, ಮನೆಗೆ ಒಯ್ಯುತ್ತಾನೆ.

ಸಂಘದ ಮಾತು ಇನ್ನೂ ಬಾಕಿ ಇದೆ. ತಿಂಗಳಿಗೊಮ್ಮೆ ಎಲ್ಲ ಸದಸ್ಯರ ಬಾಕಿ ಪಟ್ಟಿಯನ್ನು ಮುದ್ರಿಸಿ ಕಚೇರಿಯಲ್ಲಿ ಇಟ್ಟುಕೊಳ್ಳಲು, ಸದಸ್ಯರಿಗೆ ತೋರಿಸಲು ಅನುಮತಿ ಬೇಕೆಂದು ಕಾರ್ಯದರ್ಶಿಗಳು ಮೇಲಿನ ಕಚೇರಿಗೆ ಪತ್ರ ಬರೆದಿದ್ದಾರೆ. ಉತ್ತರ ಬಂದ ದಿನ ಇಲ್ಲೇ ಬರೆಯುತ್ತೇವೆ. ನಿಮ್ಮ ಊರಿನ ಸಂಘದಲ್ಲಿ ಹೇಗಿದೆ ಎಂದು ಒಮ್ಮೆ ಕೇಳಿ ನೋಡಿ.